ಸೆಖೆಯ ಊರಿನ ಚಳಿಗೆ ಎರಡು ಲೀಟರಿನ ಹಾಟ್ ವಾಟರ್ ಬ್ಯಾಗ್

ವರ್ಷದ ಹತ್ತು ತಿಂಗಳು ಫ್ಯಾನಿನ ಕೆಳಗೇ ಕಳೆಯುವವರಿಗೆ ಚಳಿ ಬಂತೆಂದರೆ ಸಡಗರ. ಕಿಟಕಿ ಒಂದಿಷ್ಟು ತೆರೆದಿಟ್ಟು, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು, ಅಂಗಾಲು ಬೆಚ್ಚಗಿಟ್ಟುಕೊಂಡು ಮಲಗುವ ಸುಖಕ್ಕೆ ರೂಮ್ ಹೀಟರ್ ಬೇಕಿಲ್ಲ. ರಬ್ಬರಿನ ಹಾಟ್ ವಾಟರ್ ಬ್ಯಾಗೇ ಸರಿ. ಸೆಖೆಗೆಂದು ಕಟ್ಟಿದ ಮನೆಯಲ್ಲಿ ಶಾಖ ನಿಲ್ಲುವುದಿಲ್ಲ. 1500 ವ್ಯಾಟ್ ಹೀಟರ್ ಗಂಟೆಗೆ ಒಂದೂವರೆ ಯೂನಿಟ್ ತಿಂದರೂ ಆರಿಸಿದ ಸ್ವಲ್ಪ ಹೊತ್ತಿಗೆ ಕೋಣೆ ಮತ್ತೆ ತಣ್ಣಗೆ. ಎರಡು ಲೀಟರಿನ ಬ್ಯಾಗಿಗೆ ಮೂರನೇ ಎರಡು ಭಾಗದಷ್ಟು ತುಂಬುವ 1.3 ಲೀಟರ್ ನೀರು ಕಾಯಿಸಲು ಒಂದು ಯೂನಿಟ್‌ನ ಹತ್ತನೇ ಒಂದು ಪಾಲು ಸಾಕು.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕತ್ತಿನ ಬಳಿ ಅಚ್ಚೊತ್ತಿದ ಹೂವನ್ನು ನೋಡಿ. ಬಿಎಸ್ 1970 ಎಂಬ ಬ್ರಿಟಿಷ್ ಮಾನದಂಡದಂತೆ ತಯಾರಾದ ಬ್ಯಾಗಿನಲ್ಲಿ ಇದಿರುತ್ತದೆ: ನಡುವಿನ ಅಂಕಿ ತಯಾರಾದ ವರ್ಷ, 12 ದಳಗಳು ತಿಂಗಳು, ದಳದೊಳಗಿನ ಚುಕ್ಕೆಗಳು ವಾರ. ತಯಾರಾಗಿ ಎರಡು ವರ್ಷ ದಾಟಿದ್ದರೆ ಹೊಸದಾಗಿ ಕಂಡರೂ ಬೇಡ. ಬಾಯಿ ಅಗಲವಾಗಿರಲಿ, ನೀರು ಕೈಮೇಲೆ ಚೆಲ್ಲುವುದು ತಪ್ಪುತ್ತದೆ. ಉಣ್ಣೆಯ ಅಥವಾ ದಪ್ಪ ಬಟ್ಟೆಯ ಗೌಸು ಇರಲೇಬೇಕು. ಅದು ಚರ್ಮವನ್ನೂ ಕಾಯುತ್ತದೆ, ಬಿಸಿಯನ್ನೂ ಹಿಡಿದಿಡುತ್ತದೆ.

ನೀರು ತುಂಬುವಾಗ ಎಚ್ಚರ ಬೇಕು. ಕುದಿಯುವ ನೀರನ್ನು ನೇರವಾಗಿ ಸುರಿಯಬೇಡಿ, ರಬ್ಬರ್ ಬೇಗ ಹಾಳಾಗುತ್ತದೆ. ಮೂರು ಲೋಟ ಕುದಿನೀರಿಗೆ ಒಂದು ಲೋಟ ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಆಗುತ್ತದೆ, ಅಷ್ಟು ಸಾಕು. ಬ್ಯಾಗಿನ ಕತ್ತನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಸುರಿಯಿರಿ. ಅವಸರ ಮಾಡಿದರೆ ಒಳಗಿನ ಗಾಳಿ ಬಿಸಿನೀರನ್ನು ಕೈಗೆ ಎರಚುತ್ತದೆ. ಮೂರನೇ ಎರಡು ಭಾಗ ತುಂಬಿದ ಮೇಲೆ ಮೇಜಿನ ಮೇಲೆ ಮೆಲ್ಲಗೆ ಒರಗಿಸಿ, ನೀರು ಬಾಯಿಯ ಅಂಚಿಗೆ ಬರುವಷ್ಟು ಗಾಳಿ ಹೊರಹಾಕಿ, ಬಿರಡೆ ಹಾಕಿ. ಗಾಳಿ ಉಳಿದರೆ ಬ್ಯಾಗ್ ಬಲೂನಿನಂತೆ ಬಿಗಿದು ಜೋಡಣೆಯ ಮೇಲೆ ಒತ್ತಡ ಬೀಳುತ್ತದೆ. ಬಿರಡೆಯನ್ನು ಶಕ್ತಿಮೀರಿ ತಿರುಗಿಸಿದರೆ ವಾಷರ್ ಕತ್ತರಿಸಿ, ಅಲ್ಲಿಂದಲೇ ಸೋರಲು ಶುರು.

ಮಲಗುವ 20 ನಿಮಿಷ ಮೊದಲು ಹೊದಿಕೆಯೊಳಗೆ ಕಾಲಿನ ಕಡೆ ಇಡಿ. ಪಾದ ಬೆಚ್ಚಗಾದರೆ ಅಲ್ಲಿನ ರಕ್ತನಾಳಗಳು ಹಿಗ್ಗಿ, ಮೈಯೊಳಗಿನ ಶಾಖ ಹೊರಹೋಗಿ ನಿದ್ದೆ ಬೇಗ ಹತ್ತುತ್ತದೆ. ಆದರೆ ಕಣ್ಣು ಎಳೆಯುವ ಮೊದಲು ಬ್ಯಾಗನ್ನು ಹೊರಗೆ ತೆಗೆಯಿರಿ. 44 ಡಿಗ್ರಿಯಷ್ಟೇ ಬಿಸಿಯಾದರೂ ಗಂಟೆಗಟ್ಟಲೆ ಒಂದೇ ಕಡೆ ತಗುಲಿದ್ದರೆ ಚರ್ಮ ಸುಡುತ್ತದೆ, ನಿದ್ದೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೂ ಎಳೆ ಮಕ್ಕಳಿಗೂ ಇದನ್ನು ಕೊಡಲೇಬಾರದು.

ವಿದ್ಯುತ್ತಿನಲ್ಲಿ ಕಾಯುವ ಸೀಲ್ ಮಾಡಿದ ಬ್ಯಾಗುಗಳು ಸಲೀಸು, ನಿಜ. ಅವುಗಳ ಸುರಕ್ಷತೆಯೆಲ್ಲ, ಕಾದ ಮೇಲೆ ವಿದ್ಯುತ್ತನ್ನು ತಾನಾಗಿ ನಿಲ್ಲಿಸುವ ಒಳಗಿನ ಕಟ್-ಆಫ್ ಮೇಲೆ ನಿಂತಿದೆ, ಅದು ಕೆಟ್ಟಿರುವುದು ಹೊರಗಿನಿಂದ ಕಾಣದು. ರಬ್ಬರಿನದೇ ವಾಸಿ.

ಸೆಖೆಯ ಊರಿನಲ್ಲಿ ಈ ಬ್ಯಾಗ್ ಹಾಳಾಗುವುದು ಚಳಿಗಾಲದಲ್ಲಿ ಅಲ್ಲ, ಬೇಸಿಗೆಯ ಬೀರುವಿನಲ್ಲಿ. ಶಾಖಕ್ಕೆ ರಬ್ಬರ್ ತಾನಾಗಿಯೇ ಮುದಿಯಾಗುತ್ತದೆ. ಚಳಿ ಮುಗಿದೊಡನೆ ನೀರು ಬಸಿದು, ಬಿರಡೆ ತೆಗೆದು, ತಲೆಕೆಳಗಾಗಿ ನೆರಳಲ್ಲಿ ಒಣಗಿಸಿ. ಮಡಚದೆ, ಮೇಲೆ ಭಾರ ಹೇರದೆ, ಮನೆಯ ತಂಪಾದ ಮೂಲೆಯಲ್ಲಿ ಇಡಿ. ಎಣ್ಣೆ, ನೋವಿನ ಮುಲಾಮು ತಾಗದಿರಲಿ. ಮುಂದಿನ ಚಳಿಗೆ ಹೊರತೆಗೆದಾಗ ಕತ್ತನ್ನು ಬಾಗಿಸಿ ನೋಡಿ: ಕೂದಲೆಳೆಯಂಥ ಬಿರುಕು ಕಂಡರೆ, ಮೈ ಅಂಟಂಟಾಗಿದ್ದರೆ ಎಸೆಯಿರಿ. ಚೆನ್ನಾಗಿದ್ದರೆ ತಣ್ಣೀರು ತುಂಬಿ, ತಲೆಕೆಳಗು ಮಾಡಿ, ಒಣ ಕಾಗದದ ಮೇಲೆ ಮೆಲ್ಲಗೆ ಒತ್ತಿ. ಕಾಗದ ಒದ್ದೆಯಾಗದಿದ್ದರೆ ಕೆಟಲ್ ಹಚ್ಚಬಹುದು.