ಹಳೆ ಲಿಂಕ್ ಸರಿಮಾಡಲು ಸೆಡ್, ಸ್ಫಿಂಕ್ಸ್, ಲಿಚಿ: ಮಳೆಗಾಲದಲ್ಲಿ ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಚಿಗೆ. ಹಣ್ಣಿನ ಹೆಸರಿನ ಈ ಪುಟ್ಟ ಪ್ರೋಗ್ರಾಂ ಮಾಡುವುದು ಒಂದೇ ಕೆಲಸ: ಫೈಲುಗಳಲ್ಲಿರುವ ಲಿಂಕ್‌ಗಳನ್ನೆಲ್ಲ ಹೆಕ್ಕಿ, ಒಂದೊಂದರ ಬಾಗಿಲು ತಟ್ಟಿ, ಯಾವುದು ತೆರೆಯಿತು ಯಾವುದು ಇಲ್ಲ ಅಂತ ಹೇಳುವುದು. ಅದು ಸಿಗುವ ಮೊದಲು ನಾನು ಎರಡು ಬೇರೆ ದಾರಿ ಹಿಡಿದು ಕೊಡಗಿನ ಜಡಿಮಳೆಯ ಒಂದು ಇಡೀ ಕಕ್ಕಡ ತಿಂಗಳು ಕಳೆದೆ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಅಪ್ಪ ಮಳೆ ಲೆಕ್ಕವನ್ನು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನು ಅದನ್ನು ಕಂಪ್ಯೂಟರಿಗೆ ಹಾಕಿದ್ದೇನೆ, ಅದಕ್ಕೆ ಒಂದು ಓಪನ್ ಸೋರ್ಸ್ ಪೈಥಾನ್ ಪ್ಯಾಕೇಜ್ (ಪೈಥಾನ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಕೋಡ್) ಬಳಸುತ್ತೇನೆ. ಇಷ್ಟು ವರ್ಷ ಪುಕ್ಕಟೆ ಬಳಸಿದ್ದಕ್ಕೆ ಏನಾದರೂ ವಾಪಸ್ ಕೊಡಬೇಕು ಅನ್ನಿಸಿತ್ತು. ಕೋಡ್ ಬರೆಯುವಷ್ಟು ಪುರುಸೊತ್ತು ತೋಟದ ಕೆಲಸದ ನಡುವೆ ಇಲ್ಲ, ಅದಕ್ಕೇ ಅದರ ಡಾಕ್ಯುಮೆಂಟೇಶನ್ (ಬಳಸುವ ಬಗೆ ಹೇಳುವ ಪುಟಗಳು) ಕಡೆ ಕೈಹಾಕಿದೆ. ಮುನ್ನೂರಕ್ಕೂ ಜಾಸ್ತಿ ಲಿಂಕ್ ಇದ್ದವು. ಒಂದಿಷ್ಟು 2016ರಲ್ಲೇ ಬಾಗಿಲು ಹಾಕಿದ, ಕೋಡ್ ಇಡುವ ತಾಣವಾಗಿದ್ದ ಗೂಗಲ್ ಕೋಡ್‌ಗೆ ಹೋಗುತ್ತಿದ್ದವು. ಸಹಾಯ ಬೇಕಾದರೆ ಫ್ರೀನೋಡ್ ಅನ್ನುವ ಚಾಟ್ ತಾಣದ ಚಾನೆಲ್‌ಗೆ ಬನ್ನಿ ಅಂತ ಬರೆದಿತ್ತು, ಆದರೆ ಅಲ್ಲಿದ್ದವರು 2021ರಲ್ಲೇ ಗಂಟುಮೂಟೆ ಕಟ್ಟಿಕೊಂಡು ಲಿಬೆರಾ ಚಾಟ್‌ಗೆ ಹೋಗಿ ಆಗಿತ್ತು. ಕಲಿಯೋಕೆ ಅಂತ ಬಂದ ಹುಡುಗನಿಗೆ ಮೊದಲ ಪುಟದಲ್ಲೇ ಬೀಗ ಹಾಕಿದ ಮನೆ ಕಂಡರೆ ಅವನು ಮತ್ತೆ ಆ ಕಡೆ ಬರುವುದಿಲ್ಲ, ಅಲ್ವಾ?

ಮೊದಲು ಹಿಡಿದದ್ದು ಸೆಡ್, ಫೈಲುಗಳಲ್ಲಿ ಒಂದು ಪದ ಹುಡುಕಿ ಇನ್ನೊಂದು ಹಾಕುವ ಪ್ರೋಗ್ರಾಂ. ಒಂದೇ ಸಾಲಿನ ಆಜ್ಞೆ, ಎಲ್ಲ ಫೈಲಿನಲ್ಲೂ ಲಿಂಕ್ ಶುರುವಿನಲ್ಲಿ ಎಚ್‌ಟಿಟಿಪಿ ಇದ್ದದ್ದು ಎಚ್‌ಟಿಟಿಪಿಎಸ್ ಆಗಬೇಕು, ಅಷ್ಟೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಮಾರನೇ ದಿನ ನೋಡಿದರೆ ಡಾಕ್ಯುಮೆಂಟೇಶನ್‌ನ ಚಿತ್ರಗಳು ಮಾಯ. ಎಸ್‌ವಿಜಿ ಅನ್ನುವ ಬಗೆಯ ಚಿತ್ರದ ಫೈಲಿನ ಶುರುವಿನಲ್ಲಿ ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಒಂದು ವಿಳಾಸ ಇರುತ್ತದೆ, ನಡುವೆ 2000 ಅಂತ ವರ್ಷವೂ ಇರುತ್ತದೆ. ನೋಡೋಕೆ ಲಿಂಕ್ ಥರಾನೇ ಇದ್ದರೂ ಅದು ಲಿಂಕ್ ಅಲ್ಲ, ಹೆಸರು. 'ಇದು ಎಸ್‌ವಿಜಿ ಚಿತ್ರ' ಅಂತ ಬ್ರೌಸರ್ ಗುರುತು ಹಿಡಿಯುವುದೇ ಆ ಹೆಸರಿನಿಂದ. ಅಲ್ಲಿ ಒಂದು 'ಎಸ್' ಜಾಸ್ತಿ ಸೇರಿದ್ದೇ ತಡ, ಬ್ರೌಸರಿಗೆ ಅದು ಗುರುತಿಲ್ಲದ ವಸ್ತು. ಅವತ್ತಿನಿಂದ ಲಿಂಕ್ ಕೆಲಸಕ್ಕೆ ನಾನು ಸೆಡ್ ಮುಟ್ಟಿಲ್ಲ.

ಆಮೇಲೆ ಸ್ಫಿಂಕ್ಸ್. ಈ ಪ್ಯಾಕೇಜಿನ ಡಾಕ್ಯುಮೆಂಟೇಶನ್ ತಯಾರಾಗುವುದೇ ಸ್ಫಿಂಕ್ಸ್‌ನಲ್ಲಿ, ಅದರೊಳಗೇ ಲಿಂಕ್ ಪರೀಕ್ಷಿಸುವ ಲಿಂಕ್‌ಚೆಕ್ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. 'ಮೇಕ್ ಲಿಂಕ್‌ಚೆಕ್' ಅಂತ ಕೊಟ್ಟರೆ ಸಾಕು. ಪುಟದೊಳಗಿನ ಶೀರ್ಷಿಕೆಗೆ ಕಟ್ಟಿದ ಲಿಂಕ್ ಕೂಡ ತಾನಾಗೇ ನೋಡುತ್ತದೆ. ಪುಟ ಬೇರೆ ಕಡೆ ಹೋಗಿದ್ದರೆ, ಕಾಯಂ ಹೋಗಿದೆಯೋ ತಾತ್ಕಾಲಿಕವೋ ಅಂತ ಬಿಡಿಸಿ ಹೇಳುತ್ತದೆ. ಇದು ಬಹಳ ಒಳ್ಳೆಯ ಗುಣ.

ನನ್ನನ್ನು ಗೋಳಾಡಿಸಿದ್ದು ಅದಲ್ಲ, ನಮ್ಮ ಊರಿನ ಮಳೆ. ಮದ್ದು ಸೊಪ್ಪಿನ ಪಾಯಸ ಮಾಡುವ ಕಕ್ಕಡ ಹದಿನೆಂಟರ ಆಸುಪಾಸು, ಮೂರು ದಿನದಿಂದ ಬಿಡದೆ ಸುರಿಯುತ್ತಿತ್ತು. ರಾತ್ರಿ ಕರೆಂಟ್ ಇದ್ದ ಹೊತ್ತು ನೋಡಿ ಲಿಂಕ್‌ಚೆಕ್ ಶುರು ಮಾಡಿದೆ. ಹಸಿರು 'ಓಕೆ' ಸಾಲುಗಳು ಒಂದರ ಮೇಲೊಂದು ಬರುತ್ತಿದ್ದವು, ನಾನು ಊಟಕ್ಕೆ ಎದ್ದೆ. ವಾಪಸ್ ಬಂದು ನೋಡಿದರೆ ಅರ್ಧದಿಂದ ಕೆಳಗೆ ಬರೀ ಕೆಂಪು. ಎಲ್ಲೋ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದು ಇಂಟರ್ನೆಟ್ ಹೋಗಿತ್ತು. ಬೆಳಿಗ್ಗೆ ಲೈನು ತಾನಾಗಿ ಬಂದದ್ದರಿಂದ ಅದು ರಾತ್ರಿ ಹೋಗಿತ್ತು ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಕೆಂಪು ಬಂದದ್ದನ್ನೆಲ್ಲ ಸತ್ತವು ಅಂದುಕೊಂಡು ಕೆಲವನ್ನು ತೆಗೆದೆ, ಕೆಲವಕ್ಕೆ ಹಳೆ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ತಾಣದ ಪ್ರತಿ ಹಾಕಿದೆ, ತಿದ್ದುಪಡಿ ಕಳಿಸಿಬಿಟ್ಟೆ. ಪ್ಯಾಕೇಜ್ ನೋಡಿಕೊಳ್ಳುವವರು ಬಹಳ ಸಮಾಧಾನದಿಂದಲೇ ಬರೆದರು, ಇವುಗಳಲ್ಲಿ ಹೆಚ್ಚಿನವು ನನಗೆ ಚೆನ್ನಾಗಿ ತೆರೆಯುತ್ತಿವೆಯಲ್ಲ ಅಂತ. ತುಂಬಾ ಬೇಜಾರಾಯಿತು. ಅವರ ಒಂದು ಸಂಜೆ ನನ್ನಿಂದ ಹಾಳಾಯಿತಲ್ಲ.

ದೋಷದ ಕಾರಣ ಓದಬಾರದಿತ್ತೇ ಅಂತ ನೀವು ಕೇಳಬಹುದು. ಓದಿದ್ದೆ. ತೊಂದರೆ ಇರುವುದೇ ಅಲ್ಲಿ. 404 ಅಂತ ಬಂದರೆ ಅನುಮಾನವೇ ಇಲ್ಲ, ಸರ್ವರ್ ಸಿಕ್ಕಿದೆ, ಪುಟ ಇಲ್ಲ. ಆದರೆ ಒಂದು ಡೊಮೇನ್ ನಿಜವಾಗಿ ಸತ್ತಿದ್ದರೂ 'ಹೆಸರು ಸಿಗಲಿಲ್ಲ' ಅನ್ನುವ ದೋಷವೇ ಬರುತ್ತದೆ, ನಮ್ಮ ಮನೆ ಲೈನು ಹೋಗಿದ್ದರೂ ಅದೇ ಬರುತ್ತದೆ. ಸುಮ್ನೆ ಸಾಲು ನೋಡಿ ಎರಡನ್ನೂ ಬೇರೆ ಮಾಡೋಕೆ ಆಗುವುದಿಲ್ಲ. ಇನ್ನೊಮ್ಮೆ ಓಡಿಸಿಯೇ ನೋಡಬೇಕು, ಆದರೆ ಸ್ಫಿಂಕ್ಸ್ ನಿನ್ನೆ ಓಕೆ ಆದದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮತ್ತೆ ಮುನ್ನೂರೂ ಮೊದಲಿನಿಂದ. ಎರಡನೇ ಸಲ ಮುಗಿಯುವ ಮೊದಲು ಮತ್ತೆ ಲೈನು ಹೋಯಿತು. ಮೂರನೇ ಸಲ ಕಾಫಿ ಕಣದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಹಿಡಿಯುವ ಫೋನಿನ ಹಾಟ್‌ಸ್ಪಾಟ್‌ನಲ್ಲಿ, ಕೊಡೆ ಹಿಡಿದುಕೊಂಡು, ಅವತ್ತಿನ ಡೇಟಾ ಪ್ಯಾಕ್ ಮುಗಿಯುವವರೆಗೆ ನಿಂತೆ.

ಲಿಚಿ ಗೆದ್ದದ್ದು ಇಲ್ಲೇ. ಕ್ಯಾಶ್ (ನೆನಪಿಟ್ಟುಕೊಳ್ಳುವ) ಆಯ್ಕೆ ಕೊಟ್ಟರೆ ಫಲಿತಾಂಶವನ್ನು ಒಂದು ಸಾದಾ ಫೈಲಿನಲ್ಲಿ ಬರೆದಿಡುತ್ತದೆ. ಸಾಲಿಗೊಂದು ಲಿಂಕ್, ಪಕ್ಕದಲ್ಲಿ 200ನಂಥ (ಅಂದರೆ ಪುಟ ಸಿಕ್ಕಿತು) ಉತ್ತರ, ಅದರ ಪಕ್ಕ ಸಮಯ. ಲೈನು ಹೋಗಿತ್ತು ಅಂತ ಅನುಮಾನ ಬಂದರೆ 200 ಇರುವ ಸಾಲು ಮಾತ್ರ ಉಳಿಸಿ ಬಾಕಿ ಅಳಿಸಿ ಮತ್ತೆ ಓಡಿಸುತ್ತೇನೆ. ಉಳಿದ ನಲವತ್ತೋ ಐವತ್ತೋ ಲಿಂಕ್ ಮಾತ್ರ ತಟ್ಟುತ್ತದೆ, ಫೋನ್ ಡೇಟಾಕ್ಕೂ ಭಾರ ಇಲ್ಲ. ಸುಮ್ಮನೆ ಬಿಟ್ಟರೆ ಈ ನೆನಪು ಒಂದು ದಿನಕ್ಕೆ ಹಳತಾಗುತ್ತದೆ, ನಾನು ಏಳು ದಿನಕ್ಕೆ ಏರಿಸಿಕೊಂಡಿದ್ದೇನೆ. ಎರಡು ಬೇರೆ ಬೇರೆ ದಿನ ಕೆಂಪು ಬಂದದ್ದನ್ನು ಮಾತ್ರ ಈಗ ಸತ್ತದ್ದು ಅಂತ ಲೆಕ್ಕ.

ಇನ್ನೊಂದು ಲಾಭವೂ ಆಯಿತು. ಸ್ಫಿಂಕ್ಸ್ ತನ್ನ ಪುಟಗಳನ್ನು ಮಾತ್ರ ನೋಡುತ್ತದೆ. ಲಿಚಿಗೆ ಯಾವ ಫೈಲ್ ಕೊಟ್ಟರೂ ಆಗುತ್ತದೆ, ರೀಡ್‌ಮಿ ಕೊಟ್ಟೆ, ಪ್ಯಾಕೇಜಿನ ವಿವರ ಇರುವ ಪೈಪ್ರಾಜೆಕ್ಟ್ ಫೈಲನ್ನೂ ಕೊಟ್ಟೆ. ಎಲ್ಲರೂ ಮೊದಲು ಒತ್ತುವ 'ಹೋಂ ಪೇಜ್' ಲಿಂಕೇ ಹಾಳಾಗಿದ್ದು ಸಿಕ್ಕಿದ್ದು ಹಾಗೆ.

ಕೊರತೆ ಇಲ್ಲದಿಲ್ಲ. ಪುಟದೊಳಗಿನ ಶೀರ್ಷಿಕೆ ನೋಡಬೇಕಾದರೆ ಆಯ್ಕೆ ಬೇರೆ ಕೊಡಬೇಕು. ಗಿಟ್‌ಹಬ್ ಲಿಂಕ್ ತುಂಬಾ ಇದ್ದರೆ ಟೋಕನ್ (ಆ ತಾಣ ಕೊಡುವ ಗುರುತಿನ ಸಂಕೇತ) ಕೊಡಿ, ಇಲ್ಲದಿದ್ದರೆ 'ತುಂಬಾ ಸಲ ಕೇಳಿದಿರಿ' ಅನ್ನುವ 429 ದೋಷ ಬಂದು ನಿಲ್ಲಬಹುದು. ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಸೋರ್ಸ್‌ನಿಂದ ಕಂಪೈಲ್ ಮಾಡೋಕೆ ಹೋದರೆ ಮಧ್ಯಾಹ್ನವೇ ಕಳೆಯುತ್ತಿತ್ತು, ತಯಾರಿರುವ ಬೈನರಿ (ನೇರ ಓಡಿಸುವ ಫೈಲ್) ಇಳಿಸಿಕೊಳ್ಳಿ.

ಪಟ್ಟಣದಲ್ಲಿ ಕೂತು, ನಿಲ್ಲದ ಇಂಟರ್ನೆಟ್ ಇಟ್ಟುಕೊಂಡು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವವರಿಗೆ ಸ್ಫಿಂಕ್ಸ್ ಸಾಕು, ಅದರಲ್ಲಿ ಎರಡು ಮಾತಿಲ್ಲ. ನಾನೂ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಮೊದಲು ಒಂದು ಸಲ ಅದನ್ನೇ ಓಡಿಸುತ್ತೇನೆ, ಜಾಗ ಬದಲಿಸಿದ ಪುಟಗಳ ಪಟ್ಟಿಗಾಗಿ. ಕರೆಂಟ್ ಇದ್ದಾಗ ಅರ್ಧ ಗಂಟೆ, ಇಲ್ಲದಾಗ ಇಲ್ಲ ಅನ್ನುವ ನನ್ನಂಥವರಿಗೆ ಲಿಚಿಯೇ ಸರಿ. ಈ ಸಲ ಉಳಿದಿರುವುದು ಪೈಥಾನ್ 2ರ ಪುಟಗಳಿಗೆ ಹೋಗುವ ಒಂಬತ್ತು ಲಿಂಕ್. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರಲ್ಲಿ, ಆದರೆ ಆ ಪುಟಗಳು ಈಗಲೂ ತೆರೆಯುವುದರಿಂದ ಎರಡೂ ಪ್ರೋಗ್ರಾಂ ಅವಕ್ಕೆ ಓಕೆ ಅಂತಲೇ ಹೇಳುತ್ತವೆ. ಅವನ್ನು ಒಂದೊಂದಾಗಿ ಓದಿ, ಪೈಥಾನ್ 3ರಲ್ಲಿ ಅದೇ ವಿಷಯ ಇರುವ ಪುಟ ಹುಡುಕಿ ಕೈಯಲ್ಲೇ ಬದಲಿಸುತ್ತಿದ್ದೇನೆ. ನಿನ್ನೆ ರಾತ್ರಿಗೆ ನಾಲ್ಕು ಆಯಿತು.