ಸಾಗರ ರಸ್ತೆಯ ಗೇರ್‌ಬಾಕ್ಸ್ ಗ್ಯಾರೇಜ್: ಬಿಚ್ಚುವ ಮುಂಚೆ ಅಳೆದು ನೋಡ್ತಾರೆ

ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಕೆಟ್ಟರೆ ಶಿವಮೊಗ್ಗದಲ್ಲಿ ಆಗಲ್ಲ, ಬೆಂಗಳೂರಿಗೇ ಹೋಗಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಸಾಗರ ರಸ್ತೆ ಕಡೆ ಇರುವ ಈ ಸಣ್ಣ ಗ್ಯಾರೇಜಿನ ಕೆಲಸ ನೋಡಿದ ಮೇಲೆ ನಾನಂತೂ ಅದನ್ನು ಒಪ್ಪಲ್ಲ.

ನಮ್ಮದು ಹಳೆಯ ಸೆಡಾನ್, ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಬಗೆ) ಆಟೋಮ್ಯಾಟಿಕ್. ಊರೊಳಗೆ ಓಡಿಸುವಾಗ ಒಂದು ತೊಂದರೆಯೂ ಇಲ್ಲ. ಸೋಮೇಶ್ವರದಿಂದ ಆಗುಂಬೆಗೆ ಆ 14 ತಿರುವು ಹತ್ತುವಾಗ ಮಾತ್ರ ಗೇರ್ ಇಳಿಯುವುದೇ ಇಲ್ಲ. ಮೂರನೇ ಗೇರಿನಲ್ಲೇ ಸಿಕ್ಕಿಕೊಂಡು ಗಾಡಿ ಏದುಸಿರು ಬಿಡುತ್ತಿತ್ತು. ಮೇಲೆ ಹೋಗಿ ಸ್ವಲ್ಪ ಹೊತ್ತು ಆಫ್ ಮಾಡಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ! ಮೊದಲು ತೋರಿಸಿದ ವರ್ಕ್‌ಶಾಪಿನವರು ಸ್ಕ್ಯಾನರ್ ಹಾಕಿದರು, ಪಿ0755 ಅಂತ ದೋಷದ ಕೋಡ್ ಬಂತು, ಗಾಡಿ ಕೆಳಗೆ ಬಗ್ಗಿ ಕೂಡ ನೋಡದೆ ಪೂರ್ತಿ ಗೇರ್‌ಬಾಕ್ಸ್ ಬದಲಾಯಿಸಿ ಅಂದುಬಿಟ್ಟರು.

ಈ ಗ್ಯಾರೇಜಿನವರು ಅದೇ ಕೋಡ್ ನೋಡಿ ಹೇಳಿದ್ದು ಬೇರೆ. "ಸರ್, ಇದು ಬಿ ಶಿಫ್ಟ್ ಸೊಲೆನಾಯ್ಡಿನ ಕೋಡ್, ಅಂದ್ರೆ ಗೇರ್ ಬದಲಾಯಿಸೋಕೆ ಆಯಿಲ್ ದಾರಿ ತೆರೆದು ಮುಚ್ಚೋ ಕರೆಂಟಿನ ವಾಲ್ವ್‌ದು. ಸೊಲೆನಾಯ್ಡೇ ಹೋಗಿರಬಹುದು, ವೈರ್ ತುಂಡಾಗಿರಬಹುದು, ಕನೆಕ್ಟರಿಗೆ ನೀರು ಹೋಗಿರಬಹುದು. ಮೊದ್ಲು ಹೊರಗಿಂದು ನೋಡೋಣ." ನಮ್ಮ ಮಳೆಗಾಲಕ್ಕೆ ಕನೆಕ್ಟರಿನ ಪಿನ್ ಹಸಿರುಗಟ್ಟುವುದು, ಇಲಿ ವೈರ್ ಕಡಿಯುವುದು ಎಲ್ಲ ಇದ್ದದ್ದೇ ಅಲ್ವಾ. ಬ್ಯಾಟರಿ ವೋಲ್ಟೇಜ್ ನೋಡಿದರು, ಪಿನ್ ನೋಡಿದರು, ವೈರ್ ನೋಡಿದರು. ಎಲ್ಲ ಚೆನ್ನಾಗಿತ್ತು. ಗೇರ್‌ಬಾಕ್ಸಿನ ಪ್ಲಗ್ ಬಿಚ್ಚಿ ಮೀಟರ್ ಹಿಡಿದರೆ ಎರಡು ಶಿಫ್ಟ್ ಸೊಲೆನಾಯ್ಡೂ 13 ಓಮ್ ಆಸುಪಾಸು ತೋರಿಸಿದವು, ಅಂದರೆ ಸರಿ ಇವೆ ಅಂತಲೇ ಲೆಕ್ಕ.

ನನಗೆ ತುಂಬಾ ಇಷ್ಟವಾಗಿದ್ದು ಇಲ್ಲಿಂದ ಮುಂದೆ ಅವರು ಮಾಡಿದ ಕೆಲಸ. ಬಿಸಿಯಾದಾಗ ಮಾತ್ರ ತೊಂದರೆ ಅಂತ ನಾನು ಹೇಳಿದ್ದನ್ನು ಅವರು ಸುಮ್ನೆ ಕೇಳಿ ಬಿಡಲಿಲ್ಲ. ಸ್ಕ್ಯಾನರ್ ಸಿಕ್ಕಿಸಿಕೊಂಡೇ ನನ್ನ ಜೊತೆ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಕಡೆಗೆ ಹೊರಟರು. ಆಯಿಲ್ ಚೆನ್ನಾಗಿ ಕಾದ ಮೇಲೆ ಗೇರ್ ಲಾಕ್ ಆಯಿತು. ಅಲ್ಲೇ ರಸ್ತೆ ಬದಿ ನಿಲ್ಲಿಸಿ ಮತ್ತೆ ಮೀಟರ್ ಹಿಡಿದರೆ ಒಂದರ ರೀಡಿಂಗ್ ಮೊದಲಿನಂತೆ, ಇನ್ನೊಂದು ಪೂರ್ತಿ ಓಪನ್, ಅಂದರೆ ಕರೆಂಟ್ ಹರಿಯುವ ದಾರಿಯೇ ಕಡಿದಿದೆ. ಒಳಗಿನ ಕಾಯಿಲ್ ಬಿಸಿಗೆ ಬಿಟ್ಟುಕೊಳ್ಳುತ್ತೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತೆ. ತಣ್ಣಗಿರುವ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ಅಳೆದರೂ ಇದು ಸಿಗುತ್ತಿರಲಿಲ್ಲ. ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಇಳಿಸಿದ ಮೇಲೂ ಒಳಗಿನ ವೈರಿಂಗಿನದೇ ತಪ್ಪಲ್ಲ ಅಂತ ಖಾತ್ರಿ ಮಾಡಿಕೊಳ್ಳಲು, ಆ ಸೊಲೆನಾಯ್ಡನ್ನು ಹೊರತೆಗೆದು ಕಾಯಿಸಿ ಇನ್ನೊಮ್ಮೆ ಅಳೆದರು.

ಪ್ಯಾನಿನ ಆಯಸ್ಕಾಂತವನ್ನು ನನಗೇ ಕರೆದು ತೋರಿಸಿದರು. ನುಣ್ಣನೆ ಬೂದು ಪುಡಿ ಇದ್ದರೆ ಹೆದರುವುದು ಬೇಡ, ಲೋಹದ ಚೂರು ಸಿಕ್ಕರೆ ಮಾತ್ರ ಕಥೆ ಬೇರೆ ಅಂದರು. ನಮ್ಮದರಲ್ಲಿ ಪುಡಿ ಅಷ್ಟೇ. ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಇರಲಿಲ್ಲ.

ಸೊಲೆನಾಯ್ಡ್ ಬೆಂಗಳೂರಿನಿಂದ ಬರಬೇಕಿತ್ತು, ಅದಕ್ಕೆ ಕಾಯಬೇಕಾಯಿತು. ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಹೊಸದು. ಮ್ಯಾನ್ಯುಯಲ್ಲಿನಲ್ಲಿ ಹೇಳಿರುವ ಗ್ರೇಡಿನ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಆಯಿಲ್ಲನ್ನೇ ಹಾಕಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಬಿಸಿಯಾದ ಮೇಲೆ ಲೆವೆಲ್ ನೋಡಿದರು. ಈ ಲೆವೆಲ್ ವಿಷಯದಲ್ಲಿ ಅವಸರ ಮಾಡುವವರೇ ಜಾಸ್ತಿ. ಕಡಿಮೆ ಆದರೂ ಕಷ್ಟ, ಹೆಚ್ಚಾದರೂ ಕಷ್ಟ. ಕೋಡ್ ಅಳಿಸಿ, ಗೇರ್ ನಿಯಂತ್ರಿಸುವ ಗಾಡಿಯ ಕಂಪ್ಯೂಟರ್ ಹೊಸದಾಗಿ ಕಲಿಯಲಿ ಅಂತ ಒಂದು ಸುತ್ತು ಓಡಿಸಿದರು. ಶುರುವಿನಲ್ಲಿ ಗೇರ್ ಬೀಳುವಾಗ ಸ್ವಲ್ಪ ಎಳೆದಂತೆ ಇತ್ತು, ಆಮೇಲೆ ನಯವಾಯಿತು. ಆಗುಂಬೆ ಹತ್ತಿ ಬಂದೆ, ಪ್ರತಿ ತಿರುವಿಗೂ ಗೇರ್ ತಾನಾಗಿಯೇ ಇಳಿಯಿತು. ಖರ್ಚು, ಗೇರ್‌ಬಾಕ್ಸ್ ಬದಲಾಯಿಸಲು ಹೇಳಿದ್ದ ಮೊತ್ತದ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಕೊರತೆಗಳೂ ಇವೆ. ಫೋನ್ ಮಾಡಿದರೆ ಎತ್ತುವುದು ಕಷ್ಟ, ಪಾರ್ಟ್ ಬಂತಾ ಅಂತ ಕೇಳಲು ಹೋಗಿಯೇ ನೋಡಬೇಕು. ಬಿಲ್ ಕೈಬರಹದ್ದು, ಕೇಳಿದರೆ ಮಾತ್ರ ಪಾರ್ಟಿನ ರಸೀದಿ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಸಿವಿಟಿ, ಡ್ಯುಯಲ್ ಕ್ಲಚ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗಾಡಿಗಳನ್ನು ಅವರು ಮುಟ್ಟುವುದಿಲ್ಲ, ಅದನ್ನು ಮೊದಲೇ ಹೇಳಿ ಕಳಿಸುತ್ತಾರೆ. ಹೋಗುವುದಾದರೆ ಬೆಳಿಗ್ಗೆ ಹೋಗಿ. ತೊಂದರೆ ಯಾವಾಗ ಬರುತ್ತೆ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಯಾವ ಗೇರಿನಲ್ಲಿ ಅಂತ ಬರೆದುಕೊಂಡು ಹೋಗಿ, ಅವರು ಕೇಳುವ ಮೊದಲ ಪ್ರಶ್ನೆಯೇ ಅದು.