ಪ್ಯಾಪ್, ಎಚ್‌ಪಿವಿ, ವಿಐಎ: ಯಾವ ಟೆಸ್ಟ್ ಯಾರಿಗೆ?

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಈ ಮೂರರಲ್ಲಿ ಯಾವುದು ಅಂತ ಕೇಳಿದ್ರಲ್ಲ, ಮೊದಲು ಖರ್ಚು ನೋಡೋಣ. ವಿಐಎ ಎಲ್ಲಕ್ಕಿಂತ ಅಗ್ಗ. ವಿನೆಗರ್‌ನಂಥ ತೆಳು ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಅನುಮಾನದ ಜಾಗ ಬೆಳ್ಳಗಾಗುತ್ತದೆ, ಫಲಿತಾಂಶ ಅಲ್ಲೇ ಸಿಗುತ್ತದೆ. ಮುಂಬೈನ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದ್ದಕ್ಕೇ ಈ ಕ್ಯಾನ್ಸರ್‌ನ ಸಾವು ಶೇ 31ರಷ್ಟು ತಗ್ಗಿತು. ಆದರೆ ಮುಟ್ಟು ನಿಂತವರಿಗೆ ಅಷ್ಟಾಗಿ ಹೊಂದುವುದಿಲ್ಲ. ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ.

ಪ್ಯಾಪ್ ಅಂದರೆ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಅದಕ್ಕೆ ಒಳ್ಳೆ ಲ್ಯಾಬ್, ಪಳಗಿದ ಕಣ್ಣು ಬೇಕು. ಊರಲ್ಲಿ ಅದಿದ್ದು, 3 ವರ್ಷಕ್ಕೊಮ್ಮೆ ತಪ್ಪದೆ ಹೋಗುವವರಿಗೆ ಸರಿ.

ಎಚ್‌ಪಿವಿ, ಅಂದರೆ ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವ ಟೆಸ್ಟ್, ದುಬಾರಿ. ಆದರೆ ತಪ್ಪಿಹೋಗುವ ಕೇಸು ಕಮ್ಮಿ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಸಲದ ಟೆಸ್ಟಿನಿಂದ ಸಾವು ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ನೆಗೆಟಿವ್ ಬಂದರೆ ಸಾಮಾನ್ಯವಾಗಿ 5 ವರ್ಷ ಬಿಟ್ಟು ಮಾಡಿಸಿದರೆ ಸಾಕು. ಸ್ಯಾಂಪಲ್ ನೀವೇ ತೆಗೆದುಕೊಳ್ಳುವ ಕಿಟ್ಟೂ ಇದೆ. ನಾಚಿಕೆಗೆ ಮುಂದೂಡುವವರೇ ಜಾಸ್ತಿ ಅಲ್ವಾ, ಅವರಿಗೆ ಇದು ದೊಡ್ಡ ಅನುಕೂಲ. 30 ದಾಟಿ, ಪದೇ ಪದೇ ಓಡಾಡಲು ಆಗದವರಿಗೆ ನಾನು ಹೇಳುವುದು ಇದನ್ನೇ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅಷ್ಟೇ.

ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಟೆಸ್ಟ್ ಆರಿಸುತ್ತಾ ಸುಮ್ನೆ ಕೂರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ.